ಗೇಟಿನ ಆಚೆಗೆ ಪಾಲಿಸಿ ಇಲ್ಲ

ವಾಹನ ವಿಮೆಯ ಏಜೆಂಟರಾಗಲು ಹೊರಟ ಹುಡುಗರು ಬೈಲಹೊಂಗಲದ ನನ್ನ ಮನೆಗೆ ಆಗಾಗ ಬರುತ್ತಾರೆ. ಪರೀಕ್ಷೆ ಪಾಸಾಗಿರುತ್ತಾರೆ, ಮೊಬೈಲಿನಲ್ಲಿ ಎಲ್ಲವನ್ನೂ ಕಲಿತಿರುತ್ತಾರೆ. ಚಹಾ ಕುಡಿದು ಕೊನೆಗೆ ಕೇಳುವುದು ಒಂದೇ ಮಾತು. "ಕಾಕಾ, ಗಿರಾಕಿ ಹೆಂಗ ಹಿಡೀಬೇಕ್ರಿ?" ಅದು ನನಗೆ ಗೊತ್ತಿದ್ದರೆ ನಮ್ಮ ಶಾಖೆಯ ಇನ್ನೊಬ್ಬ ಏಜೆಂಟ ಚನ್ನಬಸಪ್ಪನ ಹಿಂದೆ ಎರಡನೆಯವನಾಗಿಯೇ ನಿವೃತ್ತನಾಗುತ್ತಿರಲಿಲ್ಲ. ಆದ್ದರಿಂದ ಆ ವಿದ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ಈ ಕೆಲಸದಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ.

ನಮ್ಮ ಕಡೆ ಜನ ಕಂಪನಿಯ ಹೆಸರು ನೋಡಿ ಪಾಲಿಸಿ ಮಾಡಿಸುವುದಿಲ್ಲ, ಏಜೆಂಟನ ಕೈಗುಣ ನೋಡಿ ಮಾಡಿಸುತ್ತಾರೆ. ವೈದ್ಯನಿಗೆ ಕೈಗುಣ ಇರುತ್ತದೆ ಎಂದು ನಂಬುವಂತೆ, ಬಿತ್ತುವವನಿಗೆ ಕೈಗುಣ ಇರುತ್ತದೆ ಎಂದು ನಂಬುವಂತೆ, ಪಾಲಿಸಿ ಬರೆಯುವವನಿಗೂ ಇರುತ್ತದೆ ಎಂದು ನಂಬುತ್ತಾರೆ. ಹೊಸ ಗಾಡಿ ಮನೆಗೆ ಬಂತೆಂದರೆ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಕುಂಕುಮ ಹಚ್ಚಿದ ಪಾಲಿಸಿ ಕಾಗದವನ್ನು ಏಜೆಂಟನ ಕೈಯಿಂದಲೇ ಬಾನೆಟ್ ಮೇಲೆ ಇಡಿಸುತ್ತಾರೆ. ಯಾರು ಬರೆದ ಪಾಲಿಸಿಯ ಗಾಡಿ ಎಲ್ಲಿಯೂ ಬಡಿಯದೆ ವರ್ಷ ಕಳೆಯುತ್ತದೋ ಅವನ ಕೈಗುಣ ಒಳ್ಳೆಯದು. ಚನ್ನಬಸಪ್ಪನ ಕೈಗುಣ ನೇಸರಗಿಯಿಂದ ಕಟಕೋಳದ ತನಕ ಹೆಸರಾಗಿತ್ತು. ದಸರೆಯಲ್ಲಿ ಅವನಿಗೆ ಮನೆಯಲ್ಲಿ ಊಟ ಮಾಡಲು ಪುರುಸೊತ್ತು ಇರುತ್ತಿರಲಿಲ್ಲ. ನಾನು ಮನೆಯಲ್ಲೇ ಊಟ ಮಾಡುತ್ತಿದ್ದೆ.

ನನ್ನ ಕೈಯ ಕಥೆ ಬೇರೆ. ಏಜೆನ್ಸಿ ತೆಗೆದುಕೊಂಡ ಮೊದಲ ಸುಗ್ಗಿಯಲ್ಲೇ ನೇಸರಗಿಯ ಒಬ್ಬರ ಟೆಂಪೋ ಹತ್ತಿ ಹೇರಿಕೊಂಡು ಬರುವಾಗ ಮಗುಚಿ ಬಿತ್ತು. ನಾನು ಓಡಿಹೋಗಿ ಫೋಟೋ ತೆಗೆಸಿದೆ, ಸರ್ವೆಯರ್ ಬರುವವರೆಗೆ ಬಿಸಿಲಿನಲ್ಲಿ ಕಾಯ್ದು ನಿಂತೆ, ಕ್ಲೇಮ್ ಪೂರಾ ಕೊಡಿಸಿದೆ. ಮುಂದೆ ಮುನವಳ್ಳಿಯ ಒಂದು ಜೀಪು ಹೊಳೆಯ ದಂಡೆಯಿಂದ ಜಾರಿತು. ಅದರದೂ ಕೊಡಿಸಿದೆ. ಕಟಕೋಳದ ಟ್ರ್ಯಾಕ್ಟರಿನದೂ ಕೊಡಿಸಿದೆ. ನನ್ನ ಹೆಸರು ಮೇಲೇರುತ್ತದೆ ಎಂದುಕೊಂಡಿದ್ದೆ. ಆದದ್ದೇ ಬೇರೆ. ರಾಮದುರ್ಗದ ಚಹಾ ಅಂಗಡಿಯೊಂದರಲ್ಲಿ, ನಾನು ಹಿಂದಿನ ಬೆಂಚಿನಲ್ಲಿ ಕುಳಿತಿರುವಾಗಲೇ ಒಬ್ಬರು ಇನ್ನೊಬ್ಬರಿಗೆ ನನ್ನ ಹೆಸರು ಹಿಡಿದು ಹೇಳುತ್ತಿದ್ದರು: "ಶಿವಾನಂದನ ಕಡೆ ಮಾಡಿಸಿದ್ರ ಕ್ಲೇಮ್ ಬರೂದೇನೋ ಖರೆ. ಆದ್ರ ಗಾಡಿ ಬಡಿಯೂದೂ ಖರೆ."

ಚನ್ನಬಸಪ್ಪನ ಗಿರಾಕಿಗಳ ಗಾಡಿಗಳೂ ಬಡಿಯುತ್ತಿದ್ದವು. ಅವನಿಗೆ ಕ್ಲೇಮಿನ ಕೆಲಸ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಆ ಗಿರಾಕಿಗಳು ಸಂಜೆ ನನ್ನ ಮನೆಗೆ ಬಂದು, "ಸ್ವಲ್ಪ ಅರ್ಜಿ ಬರೆದು ಕೊಡ್ರಿ, ಚನ್ನಪ್ಪಗ ಗೊತ್ತಾಗೂದು ಬ್ಯಾಡ, ಅಂವಾ ಮನಸಿಗೆ ಹಚ್ಚಿಕೋತಾನ" ಎನ್ನುತ್ತಿದ್ದರು. ಬರೆದುಕೊಡುತ್ತಿದ್ದೆ. ಮರುವರ್ಷ ಪಾಲಿಸಿ ಮಾಡಿಸಲು ಮತ್ತೆ ಅವನ ಬಳಿಯೇ ಹೋಗುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಈಗಲೂ ಆಗುತ್ತದೆ. ಈ ವೃತ್ತಿಯಲ್ಲಿ ಮತ್ಸರ ಇಲ್ಲ ಎಂದು ಯಾರಾದರೂ ಹೇಳಿದರೆ ಅವರು ಗಿರಾಕಿಯನ್ನು ಕಳೆದುಕೊಂಡೇ ಇಲ್ಲ ಎಂದು ತಿಳಿಯಿರಿ.

ಆಗ ನಮ್ಮ ಶಾಖೆಯಲ್ಲಿ ಒಬ್ಬ ಮ್ಯಾನೇಜರು ಇದ್ದರು. ಘಟ್ಟದ ಕೆಳಗಿನವರು, ಮಾತು ಕಡಿಮೆ. ನಾನು ಒಮ್ಮೆ ಕಿತ್ತೂರಿನ ಹತ್ತಿರ ಹೈವೇಯಲ್ಲಿ ಆದ ಅಪಘಾತದ ವರದಿಯಲ್ಲಿ "ಬ್ರೇಕ್ ಫೇಲ್ ಆಗಿ ಲಾರಿ ಗುಂಡಿಗೆ ಇಳಿಯಿತು" ಎಂದು ಬರೆದಿದ್ದೆ. ಅವರು ಕನ್ನಡಕ ತೆಗೆದು ಕೇಳಿದರು.

"ಬ್ರೇಕ್ ಫೇಲ್ ಆದದ್ದನ್ನು ನೀವು ನೋಡಿದಿರಾ?"

"ಇಲ್ರಿ ಸರ್. ಡ್ರೈವರ್ ಹೇಳಿದ."

"ಹಾಗಾದರೆ ಡ್ರೈವರ್ ಹೇಳಿದ ಎಂದು ಬರೆಯಿರಿ. ಲಾರಿ ಗುಂಡಿಯಲ್ಲಿ ಇದ್ದದ್ದನ್ನು ನೋಡಿದಿರಲ್ಲ? ಅದನ್ನು ಮಾತ್ರ ನೋಡಿದೆ ಎಂದು ಬರೆಯಿರಿ."

ಆ ಲಾರಿಯ ಬ್ರೇಕ್ ಸರಿಯಾಗಿಯೇ ಇತ್ತು, ಡ್ರೈವರ್ ತೂಕಡಿಸಿದ್ದ ಎಂದು ಆಮೇಲೆ ಗೊತ್ತಾಯಿತು. ಅಂದಿನಿಂದ ನಾನು ಗಾಡಿಯ ಸುತ್ತ ಎರಡು ಸಲ ಸುಮ್ಮನೆ ನಡೆದು, ಆಮೇಲೆ ಬಾಯಿ ತೆರೆಯುವುದನ್ನು ರೂಢಿ ಮಾಡಿಕೊಂಡೆ. ಹೊಸಬರು ಇದನ್ನೊಂದು ಕಲಿತರೆ ಸಾಕು. ಅದೇ ಮ್ಯಾನೇಜರು ವರ್ಷದ ಕೊನೆಯ ಸಭೆಯಲ್ಲಿ ಚನ್ನಬಸಪ್ಪನಿಗೆ ಸನ್ಮಾನ ಮಾಡಿದರು. ಹಾರ ತರಲು ನನ್ನನ್ನೇ ಕಳಿಸಿದರು. ಹೂವು ಮಾರುವವಳು ದೊಡ್ಡದೊಂದು, ಸಣ್ಣದೊಂದು ಹಾರ ತೋರಿಸಿದಳು. ಸಣ್ಣದನ್ನು ತಂದೆ. ಅದು ಅವನ ಕೊರಳಿಗೆ ಅಳತೆ ತೆಗೆದು ಕಟ್ಟಿದಂತೆ ಕೂತಿತು.

ಕೆಲಸದ ರೀತಿ ಈಗ ಬದಲಾಗಿದೆ. ನಾವು ಗಾಡಿಯ ಕೆಳಗೆ ಅಂಗಾತ ಮಲಗಿ, ಚಾಸಿ ನಂಬರಿನ ಮೇಲೆ ತೆಳುವಾದ ಕಾಗದ ಇಟ್ಟು, ಪೆನ್ಸಿಲ್ ತಿಕ್ಕಿ ಅಚ್ಚು ತೆಗೆಯುತ್ತಿದ್ದೆವು. ಗ್ರೀಸು ಕಣ್ಣಿಗೆ ಬೀಳುತ್ತಿತ್ತು. ಈಗಿನವರು ನಿಂತಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರೆ. ಅವರ ಬಿಳಿ ಅಂಗಿ ನೋಡಿದರೂ ನನಗೆ ಸ್ವಲ್ಪ ಸಂಕಟವಾಗುತ್ತದೆ. ಇರಲಿ.

ನನ್ನ ಏಜೆನ್ಸಿಯ ಕೊನೆಯ ವರ್ಷದಲ್ಲಿ ನಡೆದದ್ದನ್ನು ಹೇಳಬೇಕೆಂದೇ ಇದನ್ನು ಬರೆಯಲು ಕುಳಿತಿದ್ದೇನೆ.

ಶಮೀಮ್ ಬೈಲಹೊಂಗಲದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ಅವಳ ತಂದೆ ಲಾರಿ ಓಡಿಸುತ್ತಿದ್ದರು, ನನ್ನ ಹಳೆಯ ಗಿರಾಕಿ. ನಮ್ಮೂರಿನ ಅರ್ಧ ಜನ, ಅದರಲ್ಲೂ ಹೆಣ್ಣುಮಕ್ಕಳು, ಸ್ಟೀರಿಂಗ್ ಹಿಡಿದದ್ದು ಅವಳ ಪಕ್ಕದಲ್ಲಿ ಕುಳಿತು. ಸ್ಕೂಲಿನ ಕಟ್ಟಡ ಬಾಡಿಗೆಯದು. ಕಲಿಸುವ ಗಾಡಿ ತಂದೆಯ ಹೆಸರಿನದು. ಅವಳ ಸ್ವಂತ ಹೆಸರಿನಲ್ಲಿ ಇದ್ದದ್ದು ಒಂದೇ, ಧಾರವಾಡದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಒಂದು ಕೆಂಪು ಕಾರು. ಅದರ ಮೇಲೆ ಕಲಿಯುವವರು ಯಾರೂ ಕೈ ಇಡುವಂತಿರಲಿಲ್ಲ.

ಒಂದು ದಿನ ಮಧ್ಯಾಹ್ನ ಬಂದು ಕುರ್ಚಿಯ ತುದಿಯಲ್ಲಿ ಕುಳಿತಳು.

"ಕಾಕಾ, ಒಂದ ವಿಚಾರ ಐತ್ರಿ. ನಗಬಾರದು."

"ನಾ ನಕ್ಕಿದ್ದು ಯಾವಾಗ ನೋಡೀಯವಾ?"

"ಅದೂ ಖರೇನ ಬಿಡ್ರಿ" ಎಂದು ಮೊಬೈಲ್ ಮುಂದೆ ಹಿಡಿದಳು. ತಮಿಳುನಾಡಿನ ಕಡೆ ಎಲ್ಲಿಯೋ ಇರುವ ಒಂದು ರೇಸ್ ಟ್ರ್ಯಾಕಿನ ಚಿತ್ರ. "ಇದು ರೇಸ್ ಅಲ್ರಿ. ಯಾರ ಜೋಡೀನೂ ಪಂದ್ಯ ಇಲ್ಲ. ನಮ್ಮ ಗಾಡಿ ನಾವು ತಗೊಂಡ ಹೋಗೂದು, ಫೀ ಕಟ್ಟೂದು, ಎದುರಿಗೆ ಎಮ್ಮಿ ಬರಲಾರದ ರಸ್ತಾದಾಗ ಮನಸ್ಸಿಗೆ ಬಂದಷ್ಟು ಜೋರ ಹೊಡಿಯೂದು. ಟ್ರ್ಯಾಕ್ ಡೇ ಅಂತಾರ."

"ನಿನಗ್ಯಾಕವಾ ಇದು?"

"ಎಷ್ಟ ವರ್ಷಾತು, ಎರಡನೇ ಗೇರಿನಾಗ ಜೀವನಾ ಕಳ್ಯಾಕ ಹತ್ತೇನ್ರಿ ಕಾಕಾ. ನನ್ನ ಕಡೆ ಕಲತ ಹುಡುಗೂರು ಹೈವೇದಾಗ ಹಾರಿಸ್ಕೊಂಡ ಹೊಕ್ಕಾರ. ನಾ ಇನ್ನೂ 'ಕ್ಲಚ್ ಹಗೂರಕ ಬಿಡ್ರಿ ಅಕ್ಕಾರ, ಹಗೂರಕ ಬಿಡ್ರಿ' ಅನಕೋತ ಕುಂತೇನಿ. ನನಗ ಖರೇನ ಗಾಡಿ ಹೊಡ್ಯಾಕ ಬರತೈತೋ ಇಲ್ಲೋ, ಒಂದ ಸಲ ನೋಡಬೇಕ್ರಿ. ಆದ್ರ ಗಾಡಿಗೆ ಏನರೆ ಆದ್ರ ಪಾಲಿಸಿ ನಡೀತೈತೇನು? ಅಷ್ಟ ಹೇಳ್ರಿ. ಆ ಗಾಡಿ ಬಿಟ್ರ ನನ್ನ ಹೆಸರಿಲೆ ಒಂದ ಚಮಚಾನೂ ಇಲ್ಲ."

ಆಗ ನನಗಾದದ್ದೂ ಹೊಟ್ಟೆಕಿಚ್ಚೇ. ತನಗೆ ಏನು ಬೇಕು ಎಂಬುದನ್ನು ಅಷ್ಟು ಸ್ಪಷ್ಟವಾಗಿ ಹೇಳಬಲ್ಲವರನ್ನು ನಾನು ಹೆಚ್ಚು ನೋಡಿರಲಿಲ್ಲ. ನನ್ನನ್ನೇ ಯಾರಾದರೂ ಕೇಳಿದ್ದರೆ ಉತ್ತರ ಇರುತ್ತಿರಲಿಲ್ಲ.

ನಾನು ಕೆಲಸಕ್ಕೆ ತೊಡಗಿದೆ. ಹೊಸಬರು ಗಮನಿಸಬೇಕು: ಕಾರಿನ ಸಾಮಾನ್ಯ ಪಾಲಿಸಿಯಲ್ಲಿ ಗಾಡಿಯನ್ನು ಯಾವುದಕ್ಕೆ ಬಳಸಬಾರದು ಎಂಬ ಸಾಲುಗಳಿರುತ್ತವೆ. ಸಂಘಟಿತ ರೇಸು, ವೇಗದ ಪರೀಕ್ಷೆ ಇವೆಲ್ಲ ಅಲ್ಲಿರುತ್ತವೆ. ಶಮೀಮಳ ಪ್ರಶ್ನೆ ಸೂಕ್ಷ್ಮವಾಗಿತ್ತು. ಪಂದ್ಯವಿಲ್ಲ, ಬಹುಮಾನವಿಲ್ಲ, ಸಮಯವನ್ನೂ ಅಳೆಯುವುದಿಲ್ಲ. ಹಾಗಿದ್ದರೆ ಅದು ರೇಸು ಹೇಗಾಗುತ್ತದೆ? ಶಾಖೆಗೆ ಫೋನ್ ಮಾಡಿದಾಗ ಒಬ್ಬ ಹುಡುಗ, "ಪಾಲಿಸಿ ಇದ್ರೆ ಕವರ್ ಇದ್ದೇ ಇರುತ್ತೆ ಸರ್" ಎಂದುಬಿಟ್ಟ. ಫೋನಿನಲ್ಲಿ ಸಿಕ್ಕ ಕವರ್ ಕವರಲ್ಲ. ಲಿಖಿತವಾಗಿ ಕೇಳಿದೆ. ಉತ್ತರ ನಿಧಾನವಾಗಿ ಬಂತು: ಹೆಸರು ಏನೇ ಇರಲಿ, ರೇಸ್ ಟ್ರ್ಯಾಕಿನ ಮೇಲೆ ಆದ ಹಾನಿಗೆ ಪಾಲಿಸಿ ಅನ್ವಯಿಸುವುದಿಲ್ಲ. ರ‍್ಯಾಲಿಗಳಿಗೆ ಹೆಚ್ಚುವರಿ ಕವರ್ ಕೊಡುವ ಕ್ರಮವೊಂದಿದೆ. ಅದನ್ನು ಒಬ್ಬಳ ಒಂದು ದಿನಕ್ಕೆ ಕೊಡಲು ಯಾರೂ ಒಪ್ಪಲಿಲ್ಲ. ಟ್ರ್ಯಾಕಿನವರನ್ನು ವಿಚಾರಿಸಿದೆ. ಮೈಗೆ ಪೆಟ್ಟಾದರೆ ಅವರ ವಿಮೆಯಲ್ಲಿ ಸ್ವಲ್ಪ ಸಿಗುತ್ತಿತ್ತು, ಕಾರು ಅವರವರ ಜವಾಬ್ದಾರಿ. ಸ್ವಂತ ಅಪಘಾತ ವಿಮೆಯಲ್ಲೂ ಅಪಾಯದ ಕ್ರೀಡೆಗಳ ಬಗ್ಗೆ ಒಂದು ಸಾಲು ಇರಬಹುದು. ಅದನ್ನು ಓದದೆ ಯಾರಿಗೂ ಧೈರ್ಯ ಹೇಳಬೇಡಿ.

ಶಮೀಮಳನ್ನು ಕರೆಸಿ ಹೇಳಿದೆ: "ಆ ಟ್ರ್ಯಾಕಿನ ಗೇಟ್ ಮುಟ್ಟೂ ತನಕ ನಿನ್ನ ಗಾಡಿ ಜೋಡಿ ಕಂಪನಿ ಐತಿ. ಗೇಟಿನ ಒಳಗ ಕಾಲಿಟ್ರ ನೀನು, ನಿನ್ನ ಗಾಡಿ, ದೇವರು."

"ಹೊರಗ ಬಂದ ಮ್ಯಾಲ?"

"ಮತ್ತ ಕಂಪನಿ ಬರತೈತಿ."

"ಗಂಡ ಇದ್ದಂಗಾತು ಬಿಡ್ರಿ. ಅಂವಾ ತವರಮನಿ ಬಾಗಲ ತನಕ ಬರತಾನ, ಒಳಗ ಬರಂಗಿಲ್ಲ" ಎಂದು ನಕ್ಕಳು. ನಗುವು ಬಹಳ ಹೊತ್ತು ಉಳಿಯಲಿಲ್ಲ. "ವಿಚಾರ ಮಾಡತೇನ್ರಿ" ಎಂದು ಎದ್ದು ಹೋದಳು.

ಅವಳ ಪಾಲಿಸಿಯ ಅವಧಿ ಅದೇ ತಿಂಗಳು ಮುಗಿಯುವುದರಲ್ಲಿತ್ತು. ನಾನು ಎಲ್ಲ ಸಿದ್ಧ ಮಾಡಿಕೊಂಡು ಕಾಯುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಚನ್ನಬಸಪ್ಪ ತಾನಾಗಿಯೇ ಹೇಳಿದ.

"ಶಮೀಮ ಬಂದಿದ್ಳಪಾ. ಕೆಂಪು ಗಾಡಿ ಪಾಲಿಸಿ ನನ್ನ ಕೈಲೆ ಆಗ್ಲಿ ಅಂದ್ಳು. ನಿನ್ನ ಗಿರಾಕಿ ಅಂತ ನಾ ಬ್ಯಾಡಂದೆ. ಕೇಳಲಿಲ್ಲ."

ಅವನು ಬೇಡ ಎಂದದ್ದನ್ನು ನಾನು ನೋಡಿಲ್ಲ. ಅವನು ಹೇಳಿದ ಎಂದು ಬರೆದಿದ್ದೇನೆ.

ನೇರವಾಗಿ ಡ್ರೈವಿಂಗ್ ಸ್ಕೂಲಿಗೆ ಹೋದೆ. "ಶಮೀಮಾ, ಆ ದಿವಸ ಪಾಲಿಸಿ ನಡ್ಯಂಗಿಲ್ಲ ಅಂತ ಬಿಡಿಸಿ ಹೇಳಿದ್ನಲ್ಲವಾ. ಯಾರ ಕಡೆ ಮಾಡಿಸಿದ್ರೂ ನಡ್ಯಂಗಿಲ್ಲ."

"ಗೊತ್ತೈತ್ರಿ ಕಾಕಾ" ಎಂದಳು, ತಲೆ ತಗ್ಗಿಸದೆ. "ಕಾಗದ ನಡ್ಯಂಗಿಲ್ಲ ಅಂತ ನೀವು ಹೇಳಿದ್ದಕ್ಕನ ಚನ್ನಪ್ಪ ಕಾಕಾನ ಕಡೆ ಹೋದೆ. ಕಾಗದ ನಡ್ಯಲಿಲ್ಲಂದ್ರ ಕೈಗುಣಾರ ನಡೀಲಿ. ಸಿಟ್ಟಾಗಬ್ಯಾಡ್ರಿ. ನಿಮ್ಮ ಮಾತ ನಂಬೇನಿ, ಅವರ ಕೈ ನಂಬೇನಿ."

ನನ್ನ ವೃತ್ತಿಯ ಸಾರಾಂಶವನ್ನು ಅಷ್ಟು ಚಿಕ್ಕದಾಗಿ ಬೇರೆ ಯಾರೂ ನನಗೆ ಹೇಳಿರಲಿಲ್ಲ. ಇಡೀ ಓಣಿ ದಾಟುವವರೆಗೆ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ನಡೆದೆ.

ಆದರೂ ಅವಳು ಟ್ರ್ಯಾಕಿಗೆ ಹೊರಟಾಗ ಜೊತೆಗೆ ಹೋದೆ. ಅಷ್ಟು ದೂರ ಒಬ್ಬಳೇ ಹೋಗುವುದು ಬೇಡ, ಹಿರಿಯರು ಯಾರಾದರೂ ಇರಲಿ ಎಂದು ಅವಳ ತಾಯಿ ಹಟ ಹಿಡಿದಿದ್ದರು. ಚನ್ನಬಸಪ್ಪ ಹೊರಟಿದ್ದಾನೆ ಎಂದು ಗೊತ್ತಾದ ಮೇಲೆ ನಾನು ಮನೆಯಲ್ಲಿ ಕೂರುವುದು ಸಾಧ್ಯವಿರಲಿಲ್ಲ. ಮುಂದಿನ ಸೀಟಿನಲ್ಲಿ ಅವನು ಕುಳಿತ. ಹಿಂದಿನ ಸೀಟಿನಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಗಂಟಿನ ಜೊತೆ ನಾನು ಕುಳಿತೆ. ದಾರಿಯುದ್ದಕ್ಕೂ ಅವನು ತಮಾಷೆ ಮಾಡುತ್ತ ಹೋದ, ಅವಳು ನಗುತ್ತ ಹೋದಳು. ದಾರಿಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ಟ್ರ್ಯಾಕ್ ಮುಟ್ಟಿದೆವು. ಗೇಟಿನ ಕಂಬಿ ಮೇಲೆದ್ದು ಗಾಡಿ ಒಳಗೆ ಹೋಗುವಾಗ ಚನ್ನಬಸಪ್ಪ, "ಶಿವಾ, ಇಲ್ಲಿಂದ ನಿನ್ನ ಕಂಪನಿ ಇಳೀತು, ಇನ್ನ ನಂದ ಡ್ಯೂಟಿ" ಎಂದ. ಅವಳು ಅದಕ್ಕೂ ನಕ್ಕಳು.

ಅಲ್ಲಿ ಗಾಡಿಯ ಬ್ರೇಕು, ಟಯರು ಪರೀಕ್ಷೆ ಮಾಡಿದರು. ಹೆಲ್ಮೆಟ್ ಕೊಟ್ಟರು. ಹೊಸಬರಿಗೆಲ್ಲ ತಿರುವುಗಳ ಬಗ್ಗೆ ಪಾಠ ಹೇಳಿದರು. ಅಂಥವರ ಜೊತೆಯಲ್ಲಿ ಯಾರೂ ಕೂರುವಂತಿರಲಿಲ್ಲ. ನಾವಿಬ್ಬರೂ ತಂತಿಬೇಲಿಯ ಹತ್ತಿರ ನಿಂತೆವು.

ಮೊದಲ ಸುತ್ತಿನಲ್ಲಿ ಅವಳು, ಪಕ್ಕದಲ್ಲಿ ಯಾರೋ ಕಲಿಯುವವರು ಕುಳಿತಿದ್ದಾರೆ ಎಂಬಂತೆ ಓಡಿಸಿದಳು. ಹಿಂದಿನಿಂದ ಬಂದವರೆಲ್ಲ ಮುಂದೆ ಹೋದರು. ಎರಡನೆಯದರಲ್ಲೂ ಹಾಗೆಯೇ. ಆಮೇಲೆ ಇಂಜಿನಿನ ಸದ್ದು ಬದಲಾಯಿತು. ನೇರ ರಸ್ತೆಯಲ್ಲಿ ಕೆಂಪು ಗಾಡಿ ನಮ್ಮ ಮುಂದೆ ಹಾದುಹೋದಾಗ ತಂತಿ ನಡುಗಿತು. ಕಿಟಕಿಯಲ್ಲಿ ಅವಳ ಭುಜ ಕಂಡಿತು. ಅಷ್ಟು ವೇಗದಲ್ಲಿ ಇದ್ದರೂ ಭುಜ ಸಡಿಲವಾಗಿತ್ತು. ಸ್ಕೂಲಿನ ಗಾಡಿಯಲ್ಲಿ ಆ ಭುಜ ಯಾವಾಗಲೂ ಕಿವಿಯ ಹತ್ತಿರ ಇರುತ್ತಿತ್ತು. "ಆಹಾ, ನಮ್ಮ ಹುಡುಗಿ!" ಎಂದು ಚನ್ನಬಸಪ್ಪ ಚಪ್ಪಾಳೆ ತಟ್ಟಿದ. ನಾನು ತಟ್ಟಲಿಲ್ಲ. ನಾನು ಜೀವಮಾನವೆಲ್ಲ ನಿಂತ ಗಾಡಿಗಳನ್ನೇ ನೋಡಿದವನು. ಬಡಿದು ನಿಂತವು, ಮಗುಚಿ ನಿಂತವು, ಪೊಲೀಸ್ ಠಾಣೆಯ ಮುಂದೆ ತುಕ್ಕು ಹಿಡಿದು ನಿಂತವು. ಗಾಡಿ ಎಂಬುದು ಹೀಗೆ ಹೋಗುತ್ತದೆ ಎಂದು ನನಗೆ ಯಾರೂ ತೋರಿಸಿರಲಿಲ್ಲ.

ಮುಂದಿನದನ್ನು ನೋಡಿದಷ್ಟೇ ಬರೆಯುತ್ತೇನೆ. ನೇರ ರಸ್ತೆಯ ಕೊನೆಯಲ್ಲಿ ಬಲಕ್ಕೆ ತಿರುವು. ಕೆಂಪು ಗಾಡಿಯ ಹಿಂದಿನ ಬ್ರೇಕ್ ದೀಪ ಹೊತ್ತಿದ್ದು, ಅದರ ಮುಂದೆ ಹೋದ ಗಾಡಿಗಳ ದೀಪ ಹೊತ್ತಿದ ಜಾಗಕ್ಕಿಂತ ಸ್ವಲ್ಪ ಆಚೆ. ಗಾಡಿಯ ಹಿಂಭಾಗ ಎಡಕ್ಕೆ ಬಂತು. ಒಂದು ಗಳಿಗೆ ಮುಖ ನಮ್ಮ ಕಡೆಗೆ ತಿರುಗಿತ್ತು. ಆಮೇಲೆ ರಸ್ತೆಯಂಚಿನ ಹರಳುಗಲ್ಲುಗಳ ಮೇಲೆ ಇಳಿಯಿತು, ಧೂಳು ಎದ್ದಿತು, ಧೂಳಿನೊಳಗೆ ಅದು ಹಳೆಯ ಟಯರುಗಳನ್ನು ಪೇರಿಸಿದ ತಡೆಗೋಡೆಗೆ ಬಡಿಯಿತು. ಸದ್ದು ತಡವಾಗಿ ಕೇಳಿಸಿತು. ಬಡಿದ ಗಾಡಿಗಳನ್ನು ಎಷ್ಟೋ ನೋಡಿದ್ದೆ, ಬಡಿಯುವುದನ್ನು ನೋಡಿದ್ದು ಅದೇ ಮೊದಲು. ನನ್ನ ಬೆರಳುಗಳು ತಂತಿಯಲ್ಲಿ ಸಿಕ್ಕಿಕೊಂಡಿದ್ದವು, ಬಿಡಿಸಲು ಬರಲಿಲ್ಲ. ಚನ್ನಬಸಪ್ಪ "ಯಲ್ಲವ್ವಾ, ಯಲ್ಲವ್ವಾ" ಎನ್ನುತ್ತಿದ್ದ. ಧೂಳು ಇಳಿಯುವ ಹೊತ್ತಿಗೆ ಬಾಗಿಲು ತೆರೆಯಿತು. ಶಮೀಮ್ ತಾನೇ ಇಳಿದು, ಹೆಲ್ಮೆಟ್ ತೆಗೆದು, ಗಾಡಿಯ ಸುತ್ತ ಒಂದು ಸುತ್ತು ನಡೆದಳು. ಈಗಲೂ ಪಾತ್ರೆ ಬಿದ್ದ ಸದ್ದಿಗೆ ನಾನು ಬೆಚ್ಚುತ್ತೇನೆ.

ಅವಳಿಗೆ ಒಂದು ಗೀರೂ ಆಗಿರಲಿಲ್ಲ. ಗಾಡಿಯನ್ನು ಎಳೆದು ತಂದು ಶೆಡ್ಡಿನ ಮುಂದೆ ನಿಲ್ಲಿಸಿದರು. ಬಾನೆಟ್ ಮಡಚಿತ್ತು, ರೇಡಿಯೇಟರ್ ಒಡೆದು ನೀರು ಸೋರುತ್ತಿತ್ತು. ಅಲ್ಲಿನ ಮೆಕ್ಯಾನಿಕ್ ಕೆಳಗೆ ಬಗ್ಗಿ ನೋಡಿ, ಮುಂದಿನ ಚಾಸಿಯೇ ಬಾಗಿದೆ, ರಿಪೇರಿಯ ಖರ್ಚಿಗೆ ಇಂಥದೇ ಇನ್ನೊಂದು ಹಳೆಯ ಗಾಡಿ ಬರುತ್ತದೆ ಎಂದು ಕೈಸನ್ನೆ ಸೇರಿಸಿ ತಿಳಿಸಿದ. ಅವನು ಹೇಳಿದ್ದು ನಿಜ, ನಾನೂ ಬಗ್ಗಿ ನೋಡಿದೆ.

ಚನ್ನಬಸಪ್ಪ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ. "ಶಿವಾ, ಗಾಡಿ ಹೈವೇ ತನಕ ಎಳಸೂಣು. ನಾಯಿ ಅಡ್ಡ ಬಂತು, ಸೇತುವಿ ಕಟ್ಟಿಗೆ ಬಡೀತು ಅಂದ್ರ ಆತು. ಹುಡುಗೀದು ಪೂರಾ ಹೋಗಬಾರದಪಾ. ನನಗ ಬರಿಯಾಕ ಬರಂಗಿಲ್ಲ, ನಿನ್ನಂಗ ಬರಿಯಾವರು ಜಿಲ್ಲಾದಾಗ ಇಲ್ಲ. ನೀ ಬರೀ."

ನನ್ನಂತೆ ಬರೆಯುವವರು ಇಲ್ಲ ಎಂದು ಅವನ ಬಾಯಿಂದ ಕೇಳಬೇಕೆಂದು ನಾನು ಎಷ್ಟು ವರ್ಷ ಕಾದಿದ್ದೆನೋ. ಅದು ಬಂದದ್ದು ಇಂಥ ಕೆಲಸಕ್ಕೆ. ಏನು ಹೇಳುತ್ತಿದ್ದೆನೋ ತಿಳಿಯದು. ಶಮೀಮ್ ಹಿಂದೆಯೇ ನಿಂತಿದ್ದಳು.

"ಎಲ್ಲಿ ಬಡೀತು ಅಂತ ಬರೀತೀರಿ ಕಾಕಾ?"

"ಹೈವೇದಾಗವಾ" ಎಂದ ಚನ್ನಬಸಪ್ಪ.

"ಮತ್ತ ಇಲ್ಲಿ?"

"ಇಲ್ಲಿಗೆ ನಾವು ಬಂದ ಇಲ್ಲ."

"ಬಂದ ಇಲ್ಲ?" ಅವಳು ಟ್ರ್ಯಾಕಿನ ಕಡೆ ನೋಡಿದಳು. ಬೇರೆ ಗಾಡಿಗಳು ಓಡುತ್ತಲೇ ಇದ್ದವು. "ಚನ್ನಪ್ಪ ಕಾಕಾ, ಹುಟ್ಟಿದಾಗಿಂದ ಇವತ್ತೊಂದ ದಿನ ನಾ ನನ್ನ ಸಲುವಾಗಿ ಗಾಡಿ ಹೊಡದೇನಿ. ಅದನ್ನ ಆಗೇ ಇಲ್ಲ ಅಂತ ಸಹಿ ಮಾಡಿ ಕೊಡಬೇಕೇನ್ರಿ? ಗಾಡಿ ಹೋತಂದ್ರ ಹೋಗ್ಲಿ. ನಾ ಇಲ್ಲಿಗೆ ಬಂದೇನಿ. ಬ್ರೇಕ್ ತಡಾ ಮಾಡಿ ಹಿಡದೇನಿ. ಬಡದೇನಿ. ಅಷ್ಟೂ ನಂದ."

ಆಮೇಲೆ ಮೆಕ್ಯಾನಿಕ್ ಹತ್ತಿರ ಹೋಗಿ, ಗಾಡಿ ಇದ್ದ ಹಾಗೆಯೇ ಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂದು ಹಿಂದಿಯಲ್ಲಿ ಕೇಳಿದಳು. ಇದ್ದರು. ಗಾಡಿಯಿಂದ ರೊಟ್ಟಿಯ ಗಂಟು, ನಮ್ಮ ಚೀಲಗಳನ್ನು ತೆಗೆದು ಕಟ್ಟೆಯ ಮೇಲೆ ಒಂದರ ಪಕ್ಕ ಒಂದು ಇಟ್ಟಳು. ಗಾಡಿಯ ಕಡೆ ತಿರುಗಿ ನೋಡಲಿಲ್ಲ. ನಾನು ಕೊಡಿಸಿದ ಕ್ಲೇಮುಗಳೆಲ್ಲ ಸೇರಿದರೂ ಆ ಗಳಿಗೆಯಲ್ಲಿ ಅವಳ ಬಳಿ ಇದ್ದದ್ದಕ್ಕೆ ಸಮನಾಗುವುದಿಲ್ಲ ಎನಿಸಿತು. ನನಗೆ ಅದು ಬೇಕಾಗಿತ್ತು. ನನ್ನ ಬಳಿ ಇರಲಿಲ್ಲ.

ಅಷ್ಟರಲ್ಲಿ ಪಾಠ ಹೇಳಿದ ಯುವಕ ಬಂದ. ಗಾಡಿ ಕಳೆದುಕೊಂಡವರನ್ನು ಸಮಾಧಾನಪಡಿಸಲೋ ಏನೋ, ತನ್ನ ಗಾಡಿಯಲ್ಲಿ ಪಕ್ಕದ ಸೀಟು ಖಾಲಿ ಇದೆ, ಒಬ್ಬರು ಬಂದರೆ ಒಂದು ಸುತ್ತು ತೋರಿಸುತ್ತೇನೆ ಎಂದ. ಚನ್ನಬಸಪ್ಪ ಅಂಗಿಯ ಗುಂಡಿ ಹಾಕಿಕೊಂಡ. ನಾನು ಕನ್ನಡಕ ತೆಗೆದು ಜೇಬಿಗೆ ಇಟ್ಟೆ. ಒಬ್ಬರನ್ನೊಬ್ಬರು ನೋಡಿದೆವು. ನಾವು ನೋಡಿ ಮುಗಿಸುವಷ್ಟರಲ್ಲಿ ಶಮೀಮ್ ಹೆಲ್ಮೆಟ್ ಹಾಕಿಕೊಂಡು ಆ ಗಾಡಿಯ ಬಾಗಿಲು ಎಳೆದುಕೊಂಡಾಗಿತ್ತು.

ಗಾಡಿ ಹೊರಟುಹೋಯಿತು. ನಾವಿಬ್ಬರೂ ಮತ್ತೆ ಬೇಲಿಯ ಹತ್ತಿರ ಬಂದು ನಿಂತೆವು.

"ಗಾಡಿ ಕಳಕೊಂಡ ಮ್ಯಾಲೂ ಮತ್ತ ಹತ್ತಿ ಹೋದ್ಳಲ್ಲಪಾ" ಎಂದ ಚನ್ನಬಸಪ್ಪ.

"ಹೂಂ."

"ಶಿವಾ, ಖರೆ ಹೇಳು. ಹೊಟ್ಟಿ ಉರಿಯಾಕ ಹತ್ತೈತೇನು?"

"ಹತ್ತೈತಿ. ನಿನಗ?"

"ಸುಡಾಕ ಹತ್ತೈತಿ ಮಾರಾಯಾ."

ಅವನನ್ನು ನಂಬಿದೆ. ಅವನ ಮುಖ ನೋಡಿದ್ದೆ. ಆಮೇಲೆ ಇಬ್ಬರೂ ತಂತಿ ಹಿಡಿದು, ಕತ್ತು ಚಾಚಿ, ಅವಳು ತಿರುಗಿ ಬರುವ ಕಡೆಗೆ ನೋಡುತ್ತ ನಿಂತೆವು.